ಕಿಟಕಿಗೊಂದು ಕೌದಿ

ನಮ್ಮ ಫ್ಲ್ಯಾಟಿನ ಬೆಲೆಪಟ್ಟಿಯಲ್ಲಿ ಸೂರ್ಯಾಸ್ತಕ್ಕೂ ಒಂದು ರೇಟು ಇತ್ತು. ಚದರಡಿಗೆ ಇಷ್ಟು, ಕಾರು ನಿಲ್ಲಿಸಲು ಇಷ್ಟು, ನೋಂದಣಿಗೆ ಇಷ್ಟು ಎಂದು ಇಳಿದು ಬಂದ ಹಾಳೆಯ ಕೊನೆಯಲ್ಲಿ ‘ವ್ಯೂ ಚಾರ್ಜ್’ ಅಂತ ಇನ್ನೊಂದು ಸಾಲು. ಏನಪ್ಪಾ ಇದು ಎಂದು ಕೇಳಿದ್ದಕ್ಕೆ ಮಾರಾಟದ ಹುಡುಗ ಬಾಯಲ್ಲಿ ಹೇಳದೆ ನಮ್ಮನ್ನು ಐದನೇ ಮಹಡಿಗೆ ಕರೆದುಕೊಂಡು ಹೋಗಿ, ಏಳಡಿ ಅಗಲ ಐದಡಿ ಎತ್ತರದ ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದ. ಡಿಸೆಂಬರಿನ ಸಂಜೆ. ಒತ್ತುವರಿಯಾಗಿ ಉಳಿದ ಕೆರೆಯ ತುಂಡಿನ ಮೇಲೆ ಸೂರ್ಯ ಕುಂಕುಮ ಚೆಲ್ಲಿಕೊಂಡು ಇಳಿಯುತ್ತಿದ್ದ. “ಬೆಂಗಳೂರಲ್ಲಿ ಇದು ಸಿಗಲ್ಲ ಸಾರ್” ಎಂದ ಹುಡುಗ. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಕಿಟಕಿ ಬಿಟ್ಟು ಕದಲಲೂ ಇಲ್ಲ. ನಾನು ಪೆನ್ನು ತೆಗೆದೆ.

ಡಿಸೆಂಬರಿನ ಸೂರ್ಯನನ್ನು ನೋಡಿ ಪಶ್ಚಿಮದ ಮನೆ ಕೊಳ್ಳುವುದೂ ಎಲೆಕ್ಷನ್ ತಿಂಗಳಲ್ಲಿ ರಸ್ತೆ ನೋಡಿ ಸೈಟು ಕೊಳ್ಳುವುದೂ ಒಂದೇ ಎಂಬುದು ಯುಗಾದಿಯ ಹೊತ್ತಿಗೆ ತಿಳಿಯಿತು. ಮಧ್ಯಾಹ್ನ ಮೂರಾಯಿತೆಂದರೆ ನಮ್ಮ ಹಾಲು ಬೇಕರಿಯ ಹಿಂಬದಿಯ ಹಾಗೆ. ಮೂರೂವರೆಗೆ ಸೋಫಾದ ಆ ಕಡೆಯ ಮೂಲೆ ಬಿಟ್ಟು ಈ ಕಡೆಗೆ, ನಾಲ್ಕಕ್ಕೆ ಊಟದ ಮೇಜಿಗೆ, ನಾಲ್ಕೂವರೆಗೆ ಅಡುಗೆಮನೆಯ ನೆಲಕ್ಕೆ, ಹೀಗೆ ಇಡೀ ಸಂಸಾರ ಗುಳೆ ಹೋಗುತ್ತಿತ್ತು. ಮಗಳು ಕಿಟಕಿಕಟ್ಟೆಯ ಮೇಲೆ ಮರೆತಿದ್ದ ಮೇಣದ ಬಣ್ಣದ ಕಡ್ಡಿಗಳು ಒಂದು ದಿನ ಬಾಗಿ ನಮಸ್ಕಾರ ಮಾಡಿದ್ದವು. ಎರಡು ಪದರದ ಪರದೆ ಎಳೆದೆವು. ಕತ್ತಲಾಯಿತು, ತಣ್ಣಗಾಗಲಿಲ್ಲ. ನಡುಮಧ್ಯಾಹ್ನ ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿ, ಫ್ಯಾನಿನ ಕೆಳಗೆ ಕೂತು ಬೆವರುವ ಸುಖಕ್ಕೆ ನಾವು ಚದರಡಿ ಲೆಕ್ಕದಲ್ಲಿ ಹಣ ಕಟ್ಟಿದ್ದೆವು.

ಕಾಯಿಲೆ ಏನೆಂದು ನೋಡಲು ಮೊದಲು ಜ್ವರ ಅಳೆಯಬೇಕಲ್ಲ. ಮನೆಯಲ್ಲಿ ಕೊರೊನಾ ಕಾಲದ ಜ್ವರದ ಗನ್ನು ಇತ್ತು. 2020ರಲ್ಲಿ ಎಲ್ಲರೂ ಕೊಂಡಾಗ ನಾವೂ ಕೊಂಡಿದ್ದು, ಆಮೇಲೆ ಮಗಳ ಕಳ್ಳ-ಪೊಲೀಸ್ ಆಟಕ್ಕೆ ಇಳಿದಿತ್ತು. ಅದನ್ನು ಕಿಟಕಿಯ ಗಾಜಿಗೆ ಗುರಿಯಿಟ್ಟು ಒತ್ತಿದೆ. ಪರದೆಯ ಮೇಲೆ ‘ಹಾಯ್’ ಎಂದು ಬಂತು. ಯಂತ್ರಕ್ಕೂ ಸೌಜನ್ಯ ಇದೆ ಎಂದುಕೊಂಡೆ. ಕೈಪಿಡಿ ನೋಡಿದ ಮೇಲೆ ಗೊತ್ತಾಯಿತು, ಅದು ‘ಹಾಯ್’ ಅಲ್ಲ, ಇಂಗ್ಲಿಷಿನ ‘ಹೈ’ ಪದದ ಮೊದಲ ಎರಡಕ್ಷರ. ಅಂದರೆ ಹೆಚ್ಚುಕಡಿಮೆ 43 ಡಿಗ್ರಿ ದಾಟಿದೆ, ನನ್ನ ಕೈಲಿ ಇನ್ನು ಆಗಲ್ಲ, ಡಾಕ್ಟರ ಹತ್ತಿರ ಹೋಗಿ ಎಂಬ ಸೂಚನೆ. ಅಲ್ಯೂಮಿನಿಯಂ ಚೌಕಟ್ಟಿಗೆ ಹಿಡಿದೆ: ಹಾಯ್. ಪರದೆಗೆ: ಹಾಯ್. ಅಲ್ಲಿಗೆ ಪರದೆಯ ಬಂಡವಾಳವೂ ಬಯಲಾಯಿತು. ಅದು ಬಿಸಿಲನ್ನು ತಡೆದಿರಲಿಲ್ಲ. ಒಳಗೆ ಕರೆದು ಕೂರಿಸಿಕೊಂಡು ತಾನೇ ಕಾದು, ನಿಧಾನವಾಗಿ ಕೋಣೆಗೆ ಬಡಿಸುತ್ತಿತ್ತು.

ಆ ಗನ್ನಿನಿಂದ ಇನ್ನೊಂದು ವಿಚಿತ್ರ ಕಂಡೆ. ಗಾಜಿನ ಆಚೆ ಬಾಕ್ಸ್ ಗ್ರಿಲ್ಲಿನಲ್ಲಿ ತುಳಸಿ ಕುಂಡ ಇದೆ. ಕಣ್ಣಿಗೆ ಸ್ವಚ್ಛವಾಗಿ ಕಾಣುತ್ತದೆ. ಗಾಜು ಮುಚ್ಚಿಟ್ಟು ಕುಂಡಕ್ಕೆ ಗುರಿಯಿಟ್ಟರೆ ಗನ್ನು ಹೇಳುವುದು ಕುಂಡದ ಕಾವನ್ನಲ್ಲ, ಗಾಜಿನ ಕಾವನ್ನು. ಬಿಸಿಯಾದ ವಸ್ತುಗಳು ಸೂಸುವ ದೀರ್ಘ ಅಲೆಗಳಿಗೆ ಗಾಜೆಂದರೆ ಕಲ್ಲುಗೋಡೆ. ಸೂರ್ಯನ ಬೆಳಕು ಸಣ್ಣ ಅಲೆ, ಅದಕ್ಕೆ ಗಾಜು ತೆರೆದ ಬಾಗಿಲು. ಬಿಸಿಲು ಸಲೀಸಾಗಿ ಒಳಗೆ ಬಂದು, ನೆಲ, ಸೋಫಾ, ಮೇಣದ ಕಡ್ಡಿಗಳನ್ನು ಕಾಯಿಸುತ್ತದೆ. ಅವು ವಾಪಸು ಸೂಸುವ ಕಾವಿಗೆ ನೇರವಾಗಿ ಹೊರಹೋಗಲು ದಾರಿಯಿಲ್ಲ. ಒಳಗೆ ಬಿಟ್ಟುಕೊಂಡು ಹೊರಗೆ ಬಿಡದ ಈ ಗುಣ ಗಾಜಿಗೂ ಕೆಲವು ನೆಂಟರ ಮನೆಗೂ ಸಮಾನ.

ಇದನ್ನು ಬೇಕೆಂದೇ ಮಾಡಿ ನೋಡಿದವನೊಬ್ಬನಿದ್ದ. ಜಿನೀವಾದ ಒರೇಸ್ ಬೆನೆಡಿಕ್ಟ್ ದ ಸೊಸ್ಸೂರ್. 1767ರಲ್ಲಿ ಒಂದರೊಳಗೊಂದು ಗಾಜಿನ ಪೆಟ್ಟಿಗೆ ಇಟ್ಟು ಬಿಸಿಲಿಗೆ ಹಿಡಿದ. ಆಮೇಲೆ ಮರದ ಪೆಟ್ಟಿಗೆಗೆ ಒಳಗೆಲ್ಲ ಕಪ್ಪು ಬೆಂಡು ಹೊದಿಸಿ, ಮೇಲೆ ಮೂರು ಗಾಜು ಮುಚ್ಚಿದಾಗ ಒಳಗಿನ ಕಾವು 109 ಡಿಗ್ರಿ ಮುಟ್ಟಿತು, ನೀರು ಕುದಿಯುವುದಕ್ಕಿಂತ ಹೆಚ್ಚು. ಮನುಷ್ಯ ಅಷ್ಟಕ್ಕೇ ಬಿಡಲಿಲ್ಲ. ಪೆಟ್ಟಿಗೆಯನ್ನು ಆಲ್ಪ್ಸ್ ಬೆಟ್ಟದ ಮೇಲೆ ಹೊರಿಸಿಕೊಂಡು ಹೋಗಿ ಅಲ್ಲಿಯೂ ಬಿಸಿಲಿಗಿಟ್ಟ. ಮೇಲೆ ಗಾಳಿ ಎಷ್ಟೋ ತಣ್ಣಗಿತ್ತು, ಪೆಟ್ಟಿಗೆಯೊಳಗೆ ಮಾತ್ರ ಹೆಚ್ಚೂಕಡಿಮೆ ಕೆಳಗಿದ್ದಷ್ಟೇ ಕಾವು. ಗಾಜಿನ ಪೆಟ್ಟಿಗೆಗೆ ಹೊರಗಿನ ಹವೆಯ ಹಂಗಿಲ್ಲ, ಬಿಸಿಲು ಬಿದ್ದರೆ ಸಾಕು. ಈ ಒಂದು ಸಂಗತಿ ನಾನು ಆಗಲೇ ತಲೆಗೆ ಹಾಕಿಕೊಂಡಿದ್ದರೆ ಮುಂದಿನ ಖರ್ಚು ಉಳಿಯುತ್ತಿತ್ತು. ಹಾಕಿಕೊಳ್ಳಲಿಲ್ಲ.

ಖರ್ಚು ಬಂದದ್ದು ಕಪ್ಪು ಪೆಟ್ಟಿಗೆ ಹಿಡಿದ ಒಬ್ಬ ಯುಪಿವಿಸಿ ಕಿಟಕಿಯವನ ರೂಪದಲ್ಲಿ. ಪೆಟ್ಟಿಗೆಯೊಳಗೆ ಕೆಂಪನೆ ಉರಿಯುವ ಒಂದು ದೀಪ, ಮುಂದೆ ಗಾಜಿನ ತುಂಡು ಸಿಕ್ಕಿಸುವ ಸಂದು. ಮೊದಲು ಸಾದಾ ಗಾಜು ಸಿಕ್ಕಿಸಿ “ಕೈ ಹಿಡೀರಿ ಸಾರ್” ಎಂದ. ಸುಟ್ಟಿತು. ಬಳಿಕ ಇನ್ನೊಂದು ಸಿಕ್ಕಿಸಿ “ಈಗ ಹಿಡೀರಿ” ಎಂದ. ದೀಪ ಉರಿಯುತ್ತಲೇ ಇತ್ತು, ಅಂಗೈಗೆ ಏನೂ ತಾಗಲಿಲ್ಲ. ಜಾತ್ರೆಯಲ್ಲಿ ಟೋಪಿಯಿಂದ ಪಾರಿವಾಳ ತೆಗೆದದ್ದು ನೋಡಿದ ಹುಡುಗನ ಹಾಗೆ ನಾನು ಎರಡು ಸಲ ಹಿಡಿದು ನೋಡಿದೆ.

ಎರಡನೇ ಗಾಜಿನ ಗುಟ್ಟು ಬೆಳ್ಳಿಯಂತೆ. ‘ಲೋ-ಇ’ ಎನ್ನುವ ಈ ಗಾಜಿನ ಮೇಲೆ ಬೆಳ್ಳಿಯ ಲೇಪ ಇರುತ್ತದೆ, ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗದ ಆಸುಪಾಸಿನ ದಪ್ಪ. ಸಾದಾ ಗಾಜು ತನಗೆ ಹತ್ತಿದ ಕಾವನ್ನು ನೂರಕ್ಕೆ 84ರ ಹುರುಪಿನಲ್ಲಿ ಸೂಸಿದರೆ ಲೇಪದ ಮೈ ಹತ್ತಕ್ಕಿಂತ ಕಡಿಮೆ ಸೂಸುತ್ತದೆ. ಬಿಸಿಲು ತಡೆಯಲೆಂದೇ ಮಾಡಿದ ಲೇಪವಾದರೆ ಇನ್ನೂ ಒಂದು ಜಾಣತನ ತೋರುತ್ತದೆ: ಕಣ್ಣಿಗೆ ಕಾಣುವ ಬೆಳಕನ್ನು ಒಳಗೆ ಬಿಟ್ಟು, ಅದರ ಬೆನ್ನಿಗೇ ಬರುವ ಕಾಣದ ಕಾವನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಈ ಕಾಣದ ಪಾಲೇ. 1800ರಲ್ಲಿ ವಿಲಿಯಂ ಹರ್ಶೆಲ್ ಪಟ್ಟಕದಿಂದ ಬಿಸಿಲಿನ ಬಣ್ಣ ಬಿಡಿಸಿ, ಒಂದೊಂದು ಬಣ್ಣಕ್ಕೂ ಉಷ್ಣಮಾಪಕ ಹಿಡಿಯುತ್ತ ಹೋದಾಗ ಕೆಂಪಿನ ಆಚೆ, ಏನೂ ಕಾಣದ ಕಡೆಯೇ ಪಾದರಸ ಜಾಸ್ತಿ ಏರಿತ್ತು. ಆ ಏನೂ ಕಾಣದ್ದೇ ನಮ್ಮ ಸೋಫಾದ ಮೇಲೆ ದಿನಾ ಬಂದು ಕೂರುತ್ತಿದ್ದದ್ದು.

“ಕಿಟಕಿಯಲ್ಲಿ ಬೆಳ್ಳಿಯಾ?” ಎಂದು ನನ್ನ ಹೆಂಡತಿ ಕೇಳಿದಳು. ಅಕ್ಷಯ ತೃತೀಯ ಹತ್ತಿರದಲ್ಲಿತ್ತು. ನಾನು ದರ ಕೇಳಿದೆ. ಅವನು ಹೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಅವನೇ ಕನಿಕರಪಟ್ಟು, “ಬಜೆಟ್ ಟೈಟ್ ಇದ್ರೆ ಸಾದಾ ಗಾಜಲ್ಲೇ ಡಬಲ್ ಗ್ಲೇಜ್ ಹಾಕ್ಕೊಡ್ತೀನಿ ಸಾರ್, ಅದೂ ಹೀಟು ಕಟ್ ಮಾಡುತ್ತೆ” ಎಂದ. ಒಂದರ ಬದಲು ಎರಡು ಗಾಜು, ನಡುವೆ 12 ಮಿಲಿಮೀಟರ್ ಗಾಳಿ, ಸುತ್ತ ಸೀಲು, ಅಂಚಿನ ಪಟ್ಟಿಯೊಳಗೆ ತೇವ ಹೀರಲು ಸಾಬಕ್ಕಿಯಂಥ ಕಾಳು. ಒಂದಕ್ಕಿಂತ ಎರಡು ಹೆಚ್ಚಲ್ಲವೇ? ಒಪ್ಪಿದೆ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಿಂತ ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ. ಕಾವನ್ನು ದಾಟಿಸುವುದರಲ್ಲಿ ಗಾಜಿನ ನಲವತ್ತರಲ್ಲಿ ಒಂದು ಪಾಲಿಗೂ ಅದು ಏಳುವುದಿಲ್ಲ. ಆ ಜಾಗಕ್ಕೆ ಆರ್ಗಾನ್ ಅನಿಲ ತುಂಬಿದರೆ ಇನ್ನೂ ಸೋಮಾರಿ. ಹಾಗೆಂದು ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಪ್ರಯೋಜನವಿಲ್ಲ. ಜಾಗ ಸಿಕ್ಕ ಕೂಡಲೇ ಗಾಳಿ ಎದ್ದು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದು ಕಾವನ್ನು ಹೊತ್ತು ತಿರುಗಲು ಶುರುಮಾಡುತ್ತದೆ. 12ರಿಂದ 16 ಮಿಲಿಮೀಟರಿನ ಇಕ್ಕಟ್ಟಿನಲ್ಲೇ ಅದು ಸುಮ್ಮನಿರುವುದು, ನಮ್ಮ ಬಸ್ಸಿನ ಪ್ರಯಾಣಿಕರ ಹಾಗೆ. ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ ಎಂಬವನು 1865ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಚೌಕಟ್ಟಿನ ಮಾತೂ ನಿಜ. ಅಲ್ಯೂಮಿನಿಯಂ ಕಾವನ್ನು ದಾಟಿಸುವ ವೇಗದ ಮುಂದೆ ಮರ, ಯುಪಿವಿಸಿಗಳದು ಸಾವಿರದಲ್ಲೊಂದು ಪಾಲಿನ ಆಸುಪಾಸು. ನಮ್ಮ ಹಳೆಯ ಬಡಗಿಗಳು ತೇಗದ ಚೌಕಟ್ಟು ಕೂರಿಸುತ್ತಿದ್ದಾಗ ಅದನ್ನು ‘ಥರ್ಮಲ್ ಬ್ರೇಕ್’ ಅಂತ ಕರೆದು ದುಡ್ಡು ಕೇಳಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಕಿಟಕಿ ಬಂತು, ಕೂತಿತು. ಮೊದಲ ದಿನವೇ ವ್ಯತ್ಯಾಸ ಗೊತ್ತಾಯಿತು: ಮನೆ ನಿಶ್ಶಬ್ದ. ರಸ್ತೆಯ ಹಾರನ್ನು, ಎದುರಿನ ಕಟ್ಟಡದ ಡ್ರಿಲ್ಲಿಂಗು, ನಾಯಿಗಳ ಸಭೆ ಎಲ್ಲವೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಎರಡನೇ ದಿನ ಸೊಪ್ಪಿನವನು ಕೂಗಿಕೊಂಡು ಹೋದದ್ದೇ ಕೇಳಲಿಲ್ಲ. ಮೂರನೇ ದಿನವೂ ಕೇಳಲಿಲ್ಲ. ಒಂದು ವಾರ ನಮ್ಮ ಮನೆಯಲ್ಲಿ ಸೊಪ್ಪಿಲ್ಲ. ಬಿಸಿಲಿಗೆ ಅಂತ ಕೊಂಡ ಕಿಟಕಿ ಸಬ್ಬಸಿಗೆಯನ್ನು ತಡೆಯಿತು.

ಬಿಸಿಲನ್ನು? ನಾಲ್ಕು ಗಂಟೆಗೆ ಗನ್ನು ಹಿಡಿದೆ. ಹಾಯ್.

ಆಗ ಕೂತು ಲೆಕ್ಕ ಹಾಕಿದೆ. ದುಡ್ಡು ಕೊಡುವ ಮುಂಚೆ ಹಾಕಬೇಕಾದ ಲೆಕ್ಕಗಳನ್ನು ಕೊಟ್ಟ ಮೇಲೆ ಹಾಕುವುದು ನಮ್ಮ ವಂಶದ ಪದ್ಧತಿ. ಕಿಟಕಿಯಿಂದ ಕಾವು ಬರಲು ಎರಡು ದಾರಿ. ಒಂದು, ಹೊರಗಿನ ಗಾಳಿ ಬಿಸಿ, ಒಳಗಿನದು ತಂಪು ಎಂಬ ಕಾರಣಕ್ಕೆ ಗಾಜಿನ ಮೂಲಕ ಜಿನುಗುವುದು. ಇದರ ಅಳತೆಗೆ ಯು-ವ್ಯಾಲ್ಯೂ ಎನ್ನುತ್ತಾರೆ. ಒಂಟಿ ಗಾಜಿಗೆ 5.8ರ ಸುಮಾರು, ಜೋಡಿ ಗಾಜಿಗೆ 2.8. ನಮ್ಮ ಕಿಟಕಿಯಲ್ಲಿ ಗಾಜು ಮೂರು ಚದರ ಮೀಟರ್, ಒಳಗೂ ಹೊರಗೂ ಆರು ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. ಒಂಟಿ ಗಾಜಿನಲ್ಲಿ ಜಿನುಗುತ್ತಿದ್ದದ್ದು ನೂರು ವ್ಯಾಟಿನಷ್ಟು. ಹಳೇ ಕಾಲದ ಒಂದು ಬಲ್ಬು. ಜೋಡಿ ಗಾಜಿನಲ್ಲಿ ಐವತ್ತು. ಭೇಷ್, ಅರ್ಧ ಕಡಿಮೆ! ಎರಡನೇ ದಾರಿ, ನೇರ ಬಿಸಿಲು. ಏಪ್ರಿಲಿನ ನಾಲ್ಕು ಗಂಟೆಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ ಆರೇಳುನೂರು ವ್ಯಾಟ್ ಬೀಳುತ್ತದೆ. ಸಾದಾ ಒಂಟಿ ಗಾಜು ಅದರಲ್ಲಿ ನೂರಕ್ಕೆ 80ರಷ್ಟನ್ನು ಒಳಗೆ ಬಿಡುತ್ತದೆ. ಅಂದರೆ ಒಂದೂವರೆ ಸಾವಿರ ವ್ಯಾಟ್. ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಒಂದನ್ನು ಸ್ವಿಚ್ ಹಾಕಿ ಸೋಫಾದ ಮೇಲೆ ಇಟ್ಟ ಹಾಗೆ. ಇನ್ನು ಸಾದಾ ಜೋಡಿ ಗಾಜು ಎಷ್ಟು ಬಿಡುತ್ತದೆ? ನೂರಕ್ಕೆ 70. ನಾನು ಬಲ್ಬನ್ನು ಅರ್ಧ ಆರಿಸಲು ಹಣ ಕೊಟ್ಟಿದ್ದೆ. ಕಾಯಿಲ್ ಹೆಚ್ಚೂಕಡಿಮೆ ಹಾಗೇ ಉರಿಯುತ್ತಿತ್ತು.

ಹೊರಗೆ ಹಿಮ ಬಿದ್ದು ಒಳಗೆ ಹೀಟರ್ ಉರಿಯುವ ದೇಶದಲ್ಲಿ ಆ ಜಿನುಗುವ ದಾರಿಯೇ ದೊಡ್ಡದು, ಅಲ್ಲಿ ಮೂವತ್ತು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಅವರ ಜೋಡಿ ಗಾಜು ಅವರ ಮನೆಯ ಕಾವನ್ನು ಕಾಪಾಡುತ್ತದೆ. ಬೆಂಗಳೂರಿನ ತೊಂದರೆ ಗಾಳಿಯದಲ್ಲ, ಬಿಸಿಲಿನದು. ಇಲ್ಲಿ ಕೇಳಬೇಕಾದ್ದು ಗಾಜು ಎಷ್ಟು ಎಂದಲ್ಲ, ನೂರು ಪಾಲು ಬಿಸಿಲಿನಲ್ಲಿ ಒಳಗೆ ಬರುವುದು ಎಷ್ಟು ಎಂದು. ಅದಕ್ಕೆ ಎಸ್‌ಎಚ್‌ಜಿಸಿ ಎಂಬ ಅಂಕಿಯಿದೆ, ಕಂಪನಿಯ ಕಾಗದದಲ್ಲಿ ಸಣ್ಣಕ್ಷರದಲ್ಲಿ. ಬೆಳ್ಳಿ ಬಳಿದ ಬಿಸಿಲು ತಡೆಯುವ ಗಾಜಿನಲ್ಲಿ ಅದು 0.3ರ ಹತ್ತಿರಕ್ಕೆ ಇಳಿಯುತ್ತದೆ. ಅವತ್ತು ಅಕ್ಷಯ ತೃತೀಯದ ಬೆಳ್ಳಿಯನ್ನು ಕಿಟಕಿಯಲ್ಲೇ ಕೊಂಡಿದ್ದರೆ ಕೆಲಸ ಆಗುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಮಾತ್ರ ಇದುವರೆಗೂ ಒಪ್ಪಿಕೊಂಡಿಲ್ಲ.

ಆ ವಾರವೇ ಅವ್ವ ಬಂದಳು. ರಾಯಚೂರು ಕಡೆಯ ಹಳ್ಳಿಯಿಂದ ಮೇ ತಿಂಗಳಲ್ಲಿ ಬೆಂಗಳೂರಿಗೆ ಬರುವುದೆಂದರೆ ಅವಳ ಪಾಲಿಗೆ ಊಟಿಗೆ ಬಂದ ಹಾಗೆ ಇರಬೇಕಿತ್ತು. ಮೊದಲ ದಿನ ಮಧ್ಯಾಹ್ನ ಹಾಲಿನಲ್ಲಿ ಐದು ನಿಮಿಷ ಕೂತು ಎದ್ದಳು. “ಏನ ತಮ್ಮಾ, ಮನಿ ಅಂತ ಹೇಳಿ ಕಾಜಿನ ಡಬ್ಬಿ ತಗೊಂಡೀಯೇನು?”

ಅವಳ ಮಾತಿಗೆ ಅವಳ ಮನೆಯ ಬಲವಿತ್ತು. ಕಲ್ಲು-ಮಣ್ಣಿನ ಎರಡೂವರೆ ಅಡಿ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಪರ್ಶಿ. ಪಡಸಾಲೆಗೆ ಇರುವ ಕಿಟಕಿ ಎರಡು. ಒಂದೊಂದೂ ನಮ್ಮ ಮನೆಯ ಟಿವಿಗಿಂತ ಚಿಕ್ಕದು. ಗಾಜಿಲ್ಲ, ಕಬ್ಬಿಣದ ಸರಳು, ಮರದ ಕದ. ಗೋಡೆಯ ಹೊರಮೈಗಿಂತ ಒಂದೂವರೆ ಅಡಿ ಒಳಗೆ ಕೂತ ಕಿಟಕಿಯಾದ್ದರಿಂದ ಗೋಡೆಯ ದಪ್ಪವೇ ಅದಕ್ಕೆ ಮೇಲೂ ಪಕ್ಕದಲ್ಲೂ ನೆರಳು. ಬೆಳಿಗ್ಗೆ ಒಂಬತ್ತಕ್ಕೆ ಕದ ಮುಚ್ಚಿದರೆ ಸಂಜೆ ಆರರ ಮೇಲೇ ತೆಗೆಯುವುದು. ಮಧ್ಯಾಹ್ನ ಗೋಡೆಗೆ ಬಿದ್ದ ಕಾವು ಇಷ್ಟಿಷ್ಟೇ ತೆವಳಿ ಒಳಗೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿ, ಮಂದಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಮೇಲೆ ಹೋಗಿರುತ್ತಾರೆ. ಬಂದ ಕಾವಿಗೆ ಮಾತಾಡಿಸುವವರೇ ಇಲ್ಲ. ಬೆಳಕಿಗೆ ಅಂತ ಮಾಳಿಗೆಯಲ್ಲೊಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲಕೋಲು ಬೆಳಿಗ್ಗೆ ದನದ ಗೋದಲಿಯ ಮೇಲೆ, ಮಧ್ಯಾಹ್ನ ಬೀಸುಕಲ್ಲಿನ ಹತ್ತಿರ, ಸಂಜೆ ದೇವರ ಮಾಡದ ಕೆಳಗೆ. ಅಜ್ಜಿ ಅದನ್ನೇ ನೋಡಿ ನಮಗೆ ಸಾಲೆಗೆ ಹೊತ್ತಾಯಿತು ಎಂದು ಎಬ್ಬಿಸುತ್ತಿದ್ದಳು.

ಹಾಗಂತ ಅದು ಸ್ವರ್ಗವಾಗಿರಲಿಲ್ಲ. ಹಗಲೇ ಚಿಮಣಿ ಹಚ್ಚಿಕೊಂಡು ಲೆಕ್ಕ ಬಿಡಿಸಿದವನು ನಾನು. ಒಲೆಯ ಹೊಗೆಗೆ ಹೋಗಲು ಕಿಂಡಿ ಸಾಲದೆ ಅವ್ವನ ಕಣ್ಣು ಸದಾ ಕೆಂಪು. ಚೇಳು ಇದ್ದರೆ ಕಾಲಿಗೆ ತಾಗಿದ ಮೇಲೆಯೇ ಗೊತ್ತಾಗುವುದು. ಪಟ್ಟಣದಲ್ಲಿ ಮನೆ ಮಾಡಿದರೆ ಗೋಡೆ ತುಂಬ ಕಿಟಕಿ ಇರಬೇಕು ಎಂಬ ನನ್ನ ಆಸೆ ಹುಟ್ಟಿದ್ದೇ ಆ ಕತ್ತಲಲ್ಲಿ. ಹಾಳೆಯ ಕೊನೆಯ ಸಾಲಿಗೆ ನಾನು ಸಹಿ ಹಾಕಿದ್ದರ ತಪ್ಪಿನಲ್ಲಿ ಸ್ವಲ್ಪ ಪಾಲು ಆ ಚಿಮಣಿಗೂ ಸೇರಬೇಕು.

ಕಿಟಕಿಗೆ ನಾವಿಟ್ಟ ಹೆಸರುಗಳೂ ತಮಾಷೆಯವು. ಗವಾಕ್ಷಿ ಎಂದರೆ ಹಸುವಿನ ಕಣ್ಣು. ಇಂಗ್ಲಿಷಿನವರ ‘ವಿಂಡೋ’ ಉತ್ತರದ ಹಳೇ ನಾರ್ಸ್ ಭಾಷೆಯ ‘ಗಾಳಿಯ ಕಣ್ಣು’. ತಮಿಳರ ಜನ್ನಲ್, ಕೊಂಕಣಿಗರ ಜನೆಲ್ ಎರಡೂ ಪೋರ್ಚುಗೀಸರು ಬಿಟ್ಟುಹೋದದ್ದು. ನಮ್ಮ ಕಿಟಕಿ, ಅವ್ವನ ಬಾಯಲ್ಲಿ ಕಿಡಕಿ, ಹಿಂದಿ ಮರಾಠಿಗಳ ಖಿಡಕಿಯ ತಂಗಿ. ಕಣ್ಣು ಎಂದ ಮೇಲೆ ರೆಪ್ಪೆ ಇರಬೇಕು ಎಂದು ಹಿಂದಿನವರಿಗೆ ತೋಚಿತ್ತು. ಬೇಲೂರಿನ ಗುಡಿಯೊಳಗೆ ಹೊಕ್ಕು ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಬಗಳ ಆಚೆ ಜಾಲಂಧ್ರಗಳು ಕಾಣುತ್ತವೆ. ಕಲ್ಲಿನಲ್ಲೇ ನಕ್ಷತ್ರದಾಕಾರದ ತೂತು ಕೊರೆದ ಆ ಪರದೆಗಳು ಬಿಸಿಲನ್ನು ಪುಡಿಮಾಡಿ ಚಿಟಿಕೆಯಷ್ಟೇ ಒಳಗೆ ಬಿಡುತ್ತವೆ, ಗಾಳಿಗೆ ಅಡ್ಡಿಯಿಲ್ಲ. ಬೆಂಗಳೂರಿನ ದಂಡಿನ ಬಂಗಲೆಗಳ ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ ಇರುತ್ತಿತ್ತು, ‘ಮಂಕಿ ಟಾಪ್’ ಎಂದು ಹೆಸರು. ರಿಚರ್ಡ್ಸ್ ಟೌನ್, ಬಸವನಗುಡಿ, ಮಲ್ಲೇಶ್ವರಗಳ ಹಳೇ ಬೀದಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಬಹುಪಾಲು ಅಪಾರ್ಟ್‌ಮೆಂಟ್ ಆಗಿ, ಹಳೆಯ ಟೋಪಿ ಹೊಸ ಕಟ್ಟಡದ ಲಾಬಿಯಲ್ಲಿ ಅಲಂಕಾರಕ್ಕೆ ತೂಗುಬಿದ್ದಿದೆ, ಏಸಿಯಲ್ಲಿ.

ನಮ್ಮ ಕಿಟಕಿಗೂ ಸಜ್ಜಾ ಇದೆ, ಎರಡಡಿ. ಆದರೆ ಸಜ್ಜಾ ನೆತ್ತಿಯ ಸೂರ್ಯನಿಗೆ ಕೊಡೆ, ಎದುರಿಗೆ ಬರುವ ಸೂರ್ಯನಿಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳೇ ಇಲ್ಲದಂತಾಗುತ್ತದೆ. ಅಷ್ಟು ಎತ್ತರದ ಸೂರ್ಯನಿಗೆ ದಕ್ಷಿಣದ ಕಿಟಕಿಯ ಪುಟ್ಟ ಸಜ್ಜಾ ಧಾರಾಳ. ಪಶ್ಚಿಮದಲ್ಲಿ ನಾಲ್ಕು ಗಂಟೆಯ ಸೂರ್ಯ 36 ಡಿಗ್ರಿಗೆ ಇಳಿದಿರುತ್ತಾನೆ. ಎರಡಡಿ ಸಜ್ಜಾ ಐದಡಿ ಗಾಜಿನಲ್ಲಿ ಮೇಲಿನ ಒಂದೂವರೆ ಅಡಿಯನ್ನಷ್ಟೇ ಕಾಯುತ್ತದೆ. ಐದು ದಾಟಿದರೆ ಮುಕ್ಕಾಲಡಿಯೂ ಇಲ್ಲ. ಮದುವೆ ಮನೆಯಲ್ಲಿ ಮೇಲೆ ಚಪ್ಪರ ಹಾಕಿದರೂ ಮಗ್ಗುಲಿಂದ ಬಿಸಿಲು ಬರುವ ಕಡೆ ತಟ್ಟಿ ಕಟ್ಟುತ್ತಾರಲ್ಲ, ಪಶ್ಚಿಮಕ್ಕೆ ಬೇಕಾದ್ದು ಆ ತಟ್ಟಿ.

ಅವ್ವನಿಗೆ ಇಷ್ಟು ಭೂಗೋಳ ಬೇಕಾಗಲಿಲ್ಲ. ಮರುದಿನ ನಾನು ಆಫೀಸಿನಿಂದ ಬರುವಾಗ ಕೆಳಗಿನ ಗೇಟಿನಿಂದಲೇ ನಮ್ಮ ಮನೆ ಗುರುತು ಸಿಕ್ಕಿತು. ಬೂದು-ಬಿಳಿ ಗೋಡೆಯ ನಡುವೆ ಐದನೇ ಮಹಡಿಯಲ್ಲಿ ಕೆಂಪು, ಹಸಿರು, ನೀಲಿ, ಹಳದಿ. ಬಾಕ್ಸ್ ಗ್ರಿಲ್ಲಿನ ಹೊರಗಿನ ಸರಳಿಗೆ, ಮಗಳಿಗೆಂದು ಊರಿಂದ ತಂದಿದ್ದ ಕೌದಿಯನ್ನು ಆರು ಕಡೆ ಲಾಡಿ ಹಾಕಿ ಬಿಗಿದಿದ್ದಳು. ಹಳೇ ಇಳಕಲ್ ಸೀರೆಗಳು, ಅಪ್ಪನ ಧೋತರ, ನನ್ನದೇ ಒಂದು ಸಾಲೆಯ ಅಂಗಿ, ಎಲ್ಲ ಪದರ ಪದರ ಸೇರಿಸಿ ಕೈಹೊಲಿಗೆ ಹಾಕಿದ್ದು. ಐದನೇ ಮಹಡಿಯಲ್ಲಿ ನನ್ನ ನಾಲ್ಕನೇ ಇಯತ್ತೆಯ ತೋಳು ಬಿಸಿಲು ಕಾಯುತ್ತಿತ್ತು.

“ಒಳಗಿಂದ ಕಟ್ಟಬಾರದಾ ಅವ್ವಾ? ಮಂದಿ ನೋಡ್ತಾರೆ.”

“ಬಿಸಲು ಒಳಗ ಬಂದ ಮ್ಯಾಲ ಪರದಾ ಎಳದ್ರ ಏನ್ ಬಂತು? ಕಳ್ಳ ಹೊಕ್ಕ ಮ್ಯಾಲ ಬಾಗಲಾ ಹಾಕಿದಂಗ.”

“ಹಾಗಾದ್ರೆ ಗಾಜಿಗೆ ಅಂಟಿಸಿ ಕಟ್ಟು, ಇಷ್ಟು ದೂರ ಯಾಕೆ?”

“ನಡಕ ಗಾಳಿ ಆಡಬೇಕಲ್ಲೋ. ಕೌದಿ ಕಾಯ್ತೈತಿ, ಗಾಳಿ ಅದನ್ನ ಎತಗೊಂಡು ಹೋಗ್ತೈತಿ. ಅಂಟಿಸಿದ್ರ ಕಾಜಿಗೇ ಮೆತ್ತತೈತಿ.”

ಇಷ್ಟು ಕಲಿಯಲು ಲೆ ಕಾರ್ಬೂಸಿಯೇಗೆ ಎಷ್ಟೋ ವರ್ಷ ಬೇಕಾಯಿತು. ಆ ಮಹಾನುಭಾವ ಪ್ಯಾರಿಸ್ಸಿನಲ್ಲಿ ನಿರ್ಗತಿಕರಿಗಾಗಿ ಒಂದು ದೊಡ್ಡ ಆಶ್ರಯಗೃಹ ಕಟ್ಟಿದ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೋಡೆಯೇ ಗಾಜು, ಒಂದು ಕಿಟಕಿಯೂ ತೆರೆಯದಂತೆ ಬಿಗಿದದ್ದು. ಜೋಡಿ ಗಾಜು ಹಾಕಿ ಯಂತ್ರದಿಂದ ತಂಪು ಮಾಡುವುದು ಮೂಲ ಯೋಜನೆ. ದುಡ್ಡು ಸಾಲದೆ ಒಂಟಿ ಗಾಜಾಯಿತು, ತಂಪಿನ ಯಂತ್ರ ಬರಲೇ ಇಲ್ಲ. (ಓದುತ್ತ ನನಗೆ ಅವನ ಮೇಲೆ ಬಂಧುತ್ವ ಹುಟ್ಟಿತು.) ಉದ್ಘಾಟನೆ 1933ರ ಡಿಸೆಂಬರಿನಲ್ಲಿ. ಚಳಿಗೆ ಒಳಗೆ ಬೆಚ್ಚಗಿತ್ತು, ಎಲ್ಲರೂ ಹೊಗಳಿದರು. ಅದೂ ಡಿಸೆಂಬರ್, ಗಮನಿಸಿ. ಬೇಸಿಗೆ ಬಂದ ಮೇಲೆ ಸೊಸ್ಸೂರನ ಪೆಟ್ಟಿಗೆಯ ಪಾಠ ಆಯಿತು. ಕೊನೆಗೆ ತೆರೆಯುವ ಕಿಟಕಿ ಇಡಿಸಬೇಕಾಯಿತು. ಮಹಾಯುದ್ಧದ ನಂತರ ಗಾಜಿನ ಹೊರಗೆ ಬಿಸಿಲು ತಡೆಯುವ ಕಾಂಕ್ರೀಟಿನ ಅಡ್ಡಪಟ್ಟಿಗಳು ಬಂದವು. ಮುಂದೆ ಭಾರತಕ್ಕೆ ಬಂದಾಗ ಮನುಷ್ಯ ಬದಲಾಗಿದ್ದ. ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡದಲ್ಲಿ, 1954ರದು, ಪಶ್ಚಿಮದ ಮುಖಕ್ಕೆ ಆಳುದ್ದದ ಕಾಂಕ್ರೀಟ್ ರೆಕ್ಕೆಗಳನ್ನು ಓರೆಯಾಗಿ ನಿಲ್ಲಿಸಿದ್ದಾನೆ. ಇಳಿಬಿಸಿಲು ತಟ್ಟಿ ಬೀಳುತ್ತದೆ, ಗಾಳಿ ನುಸುಳಿ ಬರುತ್ತದೆ. ಅಂದರೆ ಕಾಂಕ್ರೀಟಿನ ಕೌದಿ. ಅವನ ತಾಯಿಗೆ ಅವನು ಜಿನೀವಾ ಸರೋವರದ ದಂಡೆಯಲ್ಲಿ ಕಟ್ಟಿಕೊಟ್ಟ ಪುಟ್ಟ ಮನೆಗೆ 11 ಮೀಟರ್ ಉದ್ದದ ಒಂದೇ ಕಿಟಕಿ. ಸ್ವಿಟ್ಜರ್ಲೆಂಡಿನ ಚಳಿಗೆ ಅದು ಒಗ್ಗಿರಬಹುದು. ನನ್ನ ಅವ್ವನಿಗೆ ಕಟ್ಟಿಕೊಟ್ಟಿದ್ದರೆ 11 ಮೀಟರಿನ ಕೌದಿಗೆ ಸೀರೆ ಹೊಂದಿಸುವುದು ಕಷ್ಟವಾಗುತ್ತಿತ್ತು.

ಕೌದಿ ಕಟ್ಟಿದ ನಾಲ್ಕನೇ ದಿನ ನಿವಾಸಿಗಳ ಸಂಘದಿಂದ ನೋಟಿಸು ಬಂತು. ಕಟ್ಟಡದ ‘ಎಲಿವೇಷನ್’ ಹಾಳಾಗುತ್ತಿದೆ, ಬಣ್ಣದ ಬಟ್ಟೆಯನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ತೆಗೆಯತಕ್ಕದ್ದು. ನಾನು ಉತ್ತರ ಬರೆದೆ. ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲೇ ‘ಇಕೋ ನಿವಾಸ್ ಸಂಹಿತಾ’ ತಂದಿದೆ. ಗೋಡೆ ಕಿಟಕಿಗಳ ಮೂಲಕ ಒಳಗೆ ಬರುವ ಕಾವು, ಅಂದರೆ ಆರ್‌ಇಟಿವಿ, ಚದರ ಮೀಟರಿಗೆ 15 ವ್ಯಾಟ್ ದಾಟಬಾರದೆಂದು ಅದರಲ್ಲಿದೆ. ಅದನ್ನು ಹೊಸ ಕಟ್ಟಡಗಳಿಗೆಂದೇ ಮಾಡಿದ್ದರೂ ಅದರ ಆಶಯವನ್ನು ನಾವು ಕೌದಿಯ ಮೂಲಕ ಗೌರವಿಸುತ್ತಿದ್ದೇವೆ, ಇತ್ಯಾದಿ. ಕಾರ್ಯದರ್ಶಿಗಳು ಕಾಗದ ಹಿಡಿದು ಮನೆಗೇ ಬಂದರು. “ಎಲ್ಲ ಸರಿ ಸಾರ್, ಇದ್ಯಾವ ಟಿವಿ?”

ಅವರನ್ನು ಕೂರಿಸಿ ಲಂಡನ್ನಿನ ಕಥೆ ಹೇಳಿದೆ. ಫೆನ್‌ಚರ್ಚ್ ಬೀದಿಯ ಬಾಗುಗಾಜಿನ ಗಗನಚುಂಬಿ 2013ರಲ್ಲಿ ನಿಮ್ನ ಕನ್ನಡಿಯ ಹಾಗೆ ಬಿಸಿಲನ್ನು ರಸ್ತೆಗೆ ಗುಡ್ಡೆ ಹಾಕಿ, ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳನ್ನು ಕರಗಿಸಿತು. ಪತ್ರಕರ್ತನೊಬ್ಬ ಆ ಜಾಗದಲ್ಲಿ ಬಾಣಲೆ ಇಟ್ಟು ಮೊಟ್ಟೆ ಕರಿದ. ಮುಂದಿನ ವರ್ಷ ಗಾಜಿನ ಹೊರಗೆ ಬಿಸಿಲುಪಟ್ಟಿ ಕಟ್ಟಿಸಿದರು. ಅವರೂ ಹೊರಗೇ ಕಟ್ಟಿದ್ದು, ಅವರದೂ ಎಲಿವೇಷನ್ನೇ ಎಂದೆ. ಕಾರ್ಯದರ್ಶಿಗಳು ತಮ್ಮ ಕಾರು ನಿಂತಿರುವ ಕಡೆ ಒಮ್ಮೆ ನೋಡಿದರು. ಅವ್ವ ಮಜ್ಜಿಗೆ ತಂದುಕೊಟ್ಟಳು. ಎಲ್ಲರಿಗೂ ಒಂದೇ ಬಣ್ಣದ ಬಿದಿರಿನ ಚಿಕ್ ಕಟ್ಟಲು ಅನುಮತಿ ಕೊಡಬಹುದು, ಬಣ್ಣ ಯಾವುದೆಂದು ವಾಟ್ಸಾಪ್ ಗುಂಪಿನಲ್ಲಿ ಮತ ಹಾಕಿಸೋಣ, ಅಲ್ಲಿಯವರೆಗೆ ಇದು ಇರಲಿ ಎಂದು ಎದ್ದರು. ಮತದಾನ ಈವರೆಗೆ ನಾಲ್ಕು ಸಲ ಆಗಿದೆ. ಬೀಜ್ ಮತ್ತು ಐವರಿ ಸಮಸಮ ಇವೆ.

ಇಷ್ಟೆಲ್ಲ ಆಗಿಯೂ ಗನ್ನಿನ ಸಾಕ್ಷಿ ಪಡೆದಿರಲಿಲ್ಲ. ಅದರ ಸೆಲ್ಲು ಮುಗಿದಿತ್ತು. ಒಂದು ಭಾನುವಾರ ಟಿವಿ ರಿಮೋಟಿನ ಸೆಲ್ಲು ಕಿತ್ತು ಅದಕ್ಕೆ ಹಾಕಿ, ಸರಿಯಾಗಿ ನಾಲ್ಕಕ್ಕೆ ಗಾಜಿಗೆ ಹಿಡಿದೆ. 36.2. ಹಣೆ ನೋಡಲು ಮಾಡಿದ ಯಂತ್ರ, ಗಾಜಿನ ವಿಷಯದಲ್ಲಿ ದಶಾಂಶದವರೆಗೆ ನಂಬಬೇಕಿಲ್ಲ. ಆದರೂ ಈ ಬೇಸಿಗೆಯಲ್ಲಿ ಆ ಹೊತ್ತಿಗೆ ಆ ಗಾಜಿನ ಮುಂದೆ ಅದು ‘ಹಾಯ್’ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ಸೋಫಾಗೆ ಹಿಡಿದೆ, ‘ಲೋ’ ಎಂದಿತು. 32ಕ್ಕಿಂತ ಕೆಳಗೆ. ನನ್ನನ್ನು ಏಕವಚನದಲ್ಲಿ ಕರೆದರೂ ಸಂತೋಷವಾಯಿತು. ಗಾಜು ಸರಿಸಿ, ಕೈ ಹೊರಗೆ ಚಾಚಿ ಕೌದಿಯ ಬೆನ್ನಿಗೆ ಹಿಡಿದೆ.

ಹಾಯ್.

“ಏನಂತದು?” ಅವ್ವ ಸೋಫಾದಿಂದ ಕೇಳಿದಳು. ಮೂರು ತಿಂಗಳಿಂದ ಆ ಹೊತ್ತಿನಲ್ಲಿ ಯಾರೂ ಕೂರದಿದ್ದ ಮೂಲೆಯಲ್ಲಿ ಕಾಲು ಚಾಚಿ ಸಬ್ಬಸಿಗೆ ಸೋಸುತ್ತಿದ್ದಳು.

“ಕೌದಿಗೆ ಜ್ವರ ಬಂದದ ಅಂತದವ್ವಾ.”

“ಬರ್ಲಿ ಬಿಡು” ಎಂದಳು. “ಅದಕ್ಕೇನ್ ರೂಢಿ ಐತಿ. ನಿನ್ನ ಜ್ವರಾನೂ ಅದ ಹೊದಿಸೇ ಬಿಡಿಸೀನಿ.”